ಫ್ಯಾನು ಆರಿಸಿ ಕೇಳಿದ ಹೂವು

ಅಥವಾ ಆ ಹೊತ್ತಿನಲ್ಲಿ ಗುಡಿಯಲ್ಲಿ ಕರೆಂಟೇ ಇರಲಿಲ್ಲವೋ ಏನೋ. ಕರೆಂಟು ಇರದಿದ್ದರೆ ಫ್ಯಾನು ತಿರುಗಿರಲು ಸಾಧ್ಯವಿಲ್ಲ, ಫ್ಯಾನು ತಿರುಗದಿದ್ದರೆ ನಾನು ಬಾಯಿ ತೆರೆದಿರಲು ಕಾರಣವಿಲ್ಲ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಹುಡುಗಿ ಮೈಸೂರಿಗೆ ಹೋಗಿರುತ್ತಿದ್ದಳು. ಅವಳು ಹೋಗಲಿಲ್ಲ. ಆದ್ದರಿಂದ ಕರೆಂಟು ಇತ್ತು. ನನ್ನ ನೆನಪು ಕೆಲಸ ಮಾಡುವುದೇ ಹೀಗೆ, ಫಲ ಮೊದಲು, ಕಾರಣ ಆಮೇಲೆ. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಒಂದರಲ್ಲಿ ಗುಡಿಯ ತುಂಬ ಜನ ಸೇರಿದ್ದರು. ಇನ್ನೊಂದರಲ್ಲಿ ಮಳೆ ಬರುತ್ತಿತ್ತು. ಮಳೆ ಬಂದಿರಲಿಲ್ಲ. ಬರೆಯುವಾಗ ಚೆನ್ನಾಗಿ ಕಂಡಿತು, ಬರಿಸಿಬಿಟ್ಟೆ.

ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವಾರಕ್ಕೆ ಎರಡು ದಿನ ಹನೂರಿಗೂ ಹೋಗುತ್ತೇನೆ. ಎರಡು ಕಡೆಯೂ ಅದೇ ಪತ್ರಿಕೆ, ಆಧುನಿಕ ಯುರೋಪು. ಅದೇ ನೋಟ್ಸು. ಮೊದಲು ಕತ್ತಲೆಯ ಯುಗ, ಆಮೇಲೆ ಪುನರುಜ್ಜೀವನ, ಧರ್ಮಸುಧಾರಣೆ, ವಿಜ್ಞಾನ, ಜ್ಞಾನೋದಯ, ಕ್ರಾಂತಿ. ಹನೂರು ಬಸ್ಸಿನ ಸ್ಟಾಪುಗಳ ಹಾಗೆ ಒಂದಾದ ಮೇಲೊಂದು ಬರುತ್ತವೆ, ಯಾವುದೂ ಹಿಂದುಮುಂದಾಗುವುದಿಲ್ಲ. ಪ್ರತಿಯೊಂದಕ್ಕೂ ಐದು ಕಾರಣ, ಐದು ಪರಿಣಾಮ. ಆರನೆಯದನ್ನು ಹೇಳಲು ಹೋದರೆ ಮಕ್ಕಳು ಪೆನ್ನು ಕೆಳಗಿಟ್ಟು ಕಿಟಕಿ ನೋಡುತ್ತಾರೆ.

ಅಚ್ಚಿನ ಯಂತ್ರ ಬಂತು. ಜನ ಧರ್ಮಗ್ರಂಥವನ್ನು ತಾವೇ ಓದಿಕೊಂಡರು. ಪಾದ್ರಿಯನ್ನು ಕೇಳುವುದು ಬಿಟ್ಟರು. ಎಲ್ಲವನ್ನೂ ಸಂಶಯಿಸಿ ಪರೀಕ್ಷಿಸಿ ನೋಡಿದರು. ರಾಜನನ್ನು ಇಳಿಸಿದರು. ಐದು ವಾಕ್ಯದಲ್ಲಿ ಕೆಲವು ಶತಮಾನ ಮುಗಿದುಹೋಯಿತು. ಇದನ್ನು ಬರೆಸುವಾಗಲೆಲ್ಲ ನನಗೆ ಹಲ್ಲು ಕಡಿಯುವ ಹಾಗಾಗುತ್ತದೆ. ಆ ಐದು ವಾಕ್ಯದ ನಡುವೆ ಎಷ್ಟು ಮನೆಗಳಲ್ಲಿ ಊಟದ ಮುಂದೆ ಜಗಳ ಆಗಿರಬೇಕು, ಎಷ್ಟು ಜನ ಅರ್ಧ ನಂಬಿ ಅರ್ಧ ಬಿಟ್ಟು ಸತ್ತುಹೋಗಿರಬೇಕು. ಅದು ಯಾವ ಗೈಡಿನಲ್ಲೂ ಇಲ್ಲ.

ಇದನ್ನೇ ಕೊಳ್ಳೇಗಾಲದಲ್ಲಿ ಒಬ್ಬಳು ಹುಡುಗಿ ಕೇಳಿದ್ದಳು. ಕೊನೆಯ ವರ್ಷದಲ್ಲಿದ್ದಳು, ಮಾಂಬಳ್ಳಿಯವಳು. "ಸಾ, ಅಲ್ಲಿ ಒಂದಿನ ಬೆಳಗ್ಗೆ ಎದ್ದು ಎಲ್ಲಾರೂ ಪಾದ್ರಿನ ಕೇಳಾದ ಬುಟ್ಬುಟ್ರಾ?" ಕ್ಲಾಸು ನಕ್ಕಿತು. ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದೆ. ಆ ಕಾಲೇಜಿನಲ್ಲಿ ನನ್ನನ್ನು ಯಾರಾದರೂ ಕೇಳಿದ ಒಂದೇ ಒಳ್ಳೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು.

ಅವಳಿಗೆ ಮೈಸೂರಿನಲ್ಲಿ ಎಂ.ಎ. ಸೀಟು ಸಿಕ್ಕಿತು. ಸೇರಿಕೊಳ್ಳಲು ಶನಿವಾರ ಕಡೆಯ ದಿನ. ಮಂಗಳವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ನೀವು ಬಂದು ನಮ್ಮಪ್ಪನ ಹತ್ತಿರ ಒಂದು ಮಾತು ಆಡಬೇಕು ಅಂದಳು. ಗುರುವಾರ ಯಳಂದೂರು ಬಸ್ಸು ಹತ್ತಿ ಮಾಂಬಳ್ಳಿಯಲ್ಲಿ ಇಳಿದೆ. ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿಕೊಂಡಿದ್ದೆ. ವ್ಯಕ್ತಿಸ್ವಾತಂತ್ರ್ಯ, ಹೆಣ್ಣುಮಕ್ಕಳ ವಿದ್ಯೆ, ಐದೈದು ಪಾಯಿಂಟು.

ಒಂದೂ ಬೇಕಾಗಲಿಲ್ಲ. ಅವಳ ಅಪ್ಪ ಹಿಪ್ಪುನೇರಳೆ ಬೆಳೆಯುವವರು, ಮನೆಯಲ್ಲೇ ರೇಷ್ಮೆಹುಳು ಸಾಕಿದ್ದರು. ಸೊಪ್ಪು ಹಾಕುತ್ತಲೇ ನನ್ನ ಮಾತು ಕೇಳಿದರು, ಎಲ್ಲದಕ್ಕೂ ಹೌದು ಅಂದರು. ನಾನು ಹೇಳದಿದ್ದ ಎರಡು ಕಾರಣ ಅವರೇ ಸೇರಿಸಿದರು. ಆಮೇಲೆ ಕೈ ಒರೆಸಿಕೊಂಡು, "ಓದ್ಲಿ ಸಾ, ಯಾರ್ ಬ್ಯಾಡ ಅಂದರು? ಒಂದ್ ಹೂ ಕೇಳ್ಬುಟ್ಟು ಕಳಿಸ್ತೀನಿ" ಅಂದರು.

ಈ ಕಡೆ ದೊಡ್ಡ ಕೆಲಸ ಯಾವುದನ್ನೂ ಹೂ ಕೇಳದೆ ಮಾಡುವುದಿಲ್ಲ. ಪೂಜಾರಿ ನೀರಲ್ಲಿ ಅದ್ದಿದ ಹೂವನ್ನು ದೇವರ ಎರಡು ಭುಜಕ್ಕೂ ಅಂಟಿಸುತ್ತಾನೆ. ಕೇಳುವವರು ಕೇಳಿಕೊಂಡು ಕಾಯುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಇದು ನನಗೆ ಹೊಸದೇನಲ್ಲ. ನನ್ನ ಮದುವೆಯೂ ಬಲಗಡೆಯ ಹೂವಿನಿಂದಲೇ ಆದದ್ದು, ಅದನ್ನು ಕ್ಲಾಸಿನಲ್ಲಿ ಹೇಳುವುದಿಲ್ಲ ಅಷ್ಟೆ.

ಗುಡಿಗೆ ಆವತ್ತೇ ನಾವು ನಾಲ್ಕು ಜನ ಹೋದೆವು. ಅಪ್ಪ, ಮಗಳು, ಅವಳ ಅಜ್ಜಿ, ನಾನು. ಹುಡುಗಿ ಮುಂಚೆಯೇ ಹೋಗಿ ಕಸ ಗುಡಿಸಿದ್ದಳು, ಅಥವಾ ನಮ್ಮ ಜೊತೆಗೇ ಬಂದಳು. ಇಲ್ಲಿ ನನ್ನ ನೆನಪು ಎರಡು ಹೇಳುತ್ತದೆ. ದೇವರ ಬಲಕ್ಕೆ ಗೋಡೆಯಲ್ಲಿ ಒಂದು ಫ್ಯಾನು ಇತ್ತು, ಯಾರೋ ಭಕ್ತರು ಕೊಟ್ಟದ್ದು. ರೆಕ್ಕೆಗಳ ಮೇಲೆ ಬಿಳಿ ಬಣ್ಣದಲ್ಲಿ ಕೊಟ್ಟವರ ಹೆಸರು ಇತ್ತು, ಒಳಗೆ ಹೋದಾಗ ಓದಲಾಗಲಿಲ್ಲ. ಓದಲಾಗಲಿಲ್ಲ ಎಂದರೆ ತಿರುಗುತ್ತಿತ್ತು. ಈ ಇಡೀ ಸಂಗತಿಗೆ ನನ್ನ ಹತ್ತಿರ ಇರುವ ಗಟ್ಟಿ ಸಾಕ್ಷಿ ಅದೊಂದೇ.

ಅಪ್ಪ ಕೇಳಿಕೊಂಡರು. ಕೈ ಮುಗಿದು ಸ್ವಲ್ಪ ಹೊತ್ತು ನಿಂತೆವು. ಬಲಗಡೆಯ ಹೂ ಬಿತ್ತು. ಪೂಜಾರಿ ಗಂಟೆ ಬಾರಿಸಿದ. ಹುಡುಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿದೇ ಇತ್ತು.

ಆಗ ನಾನು, "ಫ್ಯಾನಿನ ಗಾಳಿಗೆ ಬಿತ್ತೇನೋ" ಅಂದೆ.

ಯಾಕೆ ಅಂದೆ? ಯಾರನ್ನೂ ತಿದ್ದಬೇಕೆಂದಲ್ಲ. ಕಂಡದ್ದನ್ನು ಹೇಳಿಬಿಡುವ ಚಟ. ವರ್ಷಗಟ್ಟಲೆ ಅದನ್ನೇ ಬರೆಸಿದ್ದೇನೆ: ಸಂಶಯಿಸು, ಪರೀಕ್ಷಿಸು, ಆಮೇಲೆ ಒಪ್ಪು. ಬರೆಸುವಾಗ ಯಾರಿಗೂ ಏನೂ ಆಗಿರಲಿಲ್ಲ.

ಅಪ್ಪ ಫ್ಯಾನಿನ ಕಡೆ ನೋಡಿದರು, ಭುಜದ ಕಡೆ ನೋಡಿದರು. ತಮಾಷೆಗೆ ಅಂದೆ, ಬಿಡಿ ಎಂದು ನಾನು ಹೇಳಿದೆ. "ತಮಾಸೆಗೆ ಅಂದ್ರೂ ದಿಟವೇ ಅಲ್ವಾ ಸಾ?" ಅಂದರು. ಪೂಜಾರಿಗೆ ಇಷ್ಟವಿರಲಿಲ್ಲ. ಕೇಳಿದ್ದನ್ನೇ ಇನ್ನೊಮ್ಮೆ ಕೇಳಬಾರದು ಎಂದು ಗೊಣಗಿದ. ಅದಕ್ಕೆ ಅಪ್ಪ ಕೊಟ್ಟ ಉತ್ತರವನ್ನು ನನ್ನ ಯಾವ ವಿದ್ಯಾರ್ಥಿಯೂ ಬರೆದಿಲ್ಲ. ಮೊದಲ ಸಲ ಉತ್ತರ ಕೊಟ್ಟದ್ದು ಫ್ಯಾನು, ದೇವರನ್ನು ಇನ್ನೂ ಕೇಳಿಯೇ ಇಲ್ಲ, ಆದ್ದರಿಂದ ಇದು ಎರಡನೆಯ ಸಲ ಅಲ್ಲ ಅಂದರು. ನನಗೆ ಒಂದು ಕ್ಷಣ ಖುಷಿಯೇ ಆಯಿತು. ಅದನ್ನೂ ಬರೆಯಬೇಕು.

ಅಜ್ಜಿ ಮಾತ್ರ ನನ್ನನ್ನೇ ನೋಡುತ್ತಿದ್ದರು. "ದ್ಯಾವ್ರು ಏನ್ ಮೇಷ್ಟ್ರೇ, ನಿಮ್ ಕಾಲೇಜಲ್ಲಿ ಫೇಲಾಗಿ ಸಪ್ಲಿಮೆಂಟ್ರಿ ಕಟ್ಟದಾ, ಇನ್ನೊಂದ್ಸಲ ಬರಿಯಾಕೆ?" ಅಂದರು. 

ಫ್ಯಾನು ಆರಿಸಿದರು. ಬಾಗಿಲು ಎಳೆದರು, ಕಿಟಕಿ ಮುಚ್ಚಿದರು. ಇವೆಲ್ಲ ನಾನು ಹೇಳಿದ್ದಲ್ಲ, ಅಪ್ಪನೇ ಯೋಚಿಸಿ ಮಾಡಿದ್ದು. ಹೊಸ ಹೂ, ಎರಡಕ್ಕೂ ಸಮನಾಗಿ ನೀರು. ಸೆಕೆಯಲ್ಲಿ ಬೆವರುತ್ತ ಅರ್ಧ ಗಂಟೆ ನಿಂತೆವು. ಅರ್ಧ ಗಂಟೆ ಇರಲಾರದು, ಹಾಗೆ ಅನಿಸಿತು. ಎಡಗಡೆಯದು ಬಿತ್ತು.

"ಮುಂದಿನ ವರ್ಸ ನೋಡವ ಕಣವ್ವ" ಎಂದು ಅಪ್ಪ ಮಗಳಿಗೆ ಹೇಳಿದರು. ಕೋಪವಿರಲಿಲ್ಲ, ದುಃಖವೇ ಇತ್ತು. ನಾನು ಆಗ ಬಡಬಡಿಸತೊಡಗಿದೆ. ನೀರು ಆರಿದರೆ ಹೂ ಬೀಳುತ್ತದೆ, ಯಾವ ಕಡೆಯದು ಮೊದಲು ಆರುತ್ತದೋ ಅದು, ಇದರಲ್ಲಿ ಅಪ್ಪಣೆ ಏನು ಬಂತು ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಮೊದಲನೆಯದು ಬಿದ್ದಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದರು.  ಆಮೇಲೆ ನನ್ನ ಎರಡು ಕೈ ಹಿಡಿದುಕೊಂಡು, "ನೀವ್ ಬರದಿದ್ರೆ ಮೋಸ ಓಗ್ತಿದ್ವಿ ಸಾ" ಅಂದರು.

ಆ ಮಾತು ಇವತ್ತಿಗೂ ಕ್ಲಾಸಿನ ಮಧ್ಯೆ ಅಡ್ಡ ಬರುತ್ತದೆ. ಯುರೋಪಿನಲ್ಲಿ ನಕ್ಷತ್ರಗಳನ್ನು ಅಳೆದವರಲ್ಲಿ ಎಷ್ಟೋ ಜನ ದೇವರ ಮನಸ್ಸನ್ನು ಸರಿಯಾಗಿ ತಿಳಿಯಬೇಕೆಂದೇ ಅಳೆದರು. ವಿಧಾನ ಒಂದು ಕಡೆ ಹೋಯಿತು, ನಂಬಿಕೆ ಇನ್ನೊಂದು ಕಡೆ, ಎಷ್ಟೋ ಕಾಲ ಎರಡೂ ಒಂದೇ ಮನೆಯಲ್ಲಿ ಉಂಡವು. ಯಾರೂ ಒಂದು ಬೆಳಗ್ಗೆ ಎದ್ದು ಕೇಳುವುದನ್ನು ಬಿಡಲಿಲ್ಲ. ಬಹುಶಃ ಫ್ಯಾನು ಆರಿಸಿ ಕೇಳಿದರು. ಅಲ್ಲಿಯೂ ಯಾವುದೋ ಹಳ್ಳಿಯಲ್ಲಿ ಒಬ್ಬ ಮೇಷ್ಟ್ರು ಬೇಡದ ಹೊತ್ತಿನಲ್ಲಿ ಸರಿಯಾದ ಮಾತು ಆಡಿ ಯಾರದೋ ವರ್ಷವನ್ನು ಹಾಳು ಮಾಡಿರಬೇಕು. ಇದನ್ನು ಆರನೆಯ ಪಾಯಿಂಟಾಗಿ ಬರೆಸಬೇಕೆಂದು ಒಂದು ಸಲ ಶುರು ಮಾಡಿದೆ. ಪೆನ್ನುಗಳು ಕೆಳಗೆ ಹೋದವು.

ಬಸ್‌ಸ್ಟಾಪಿನವರೆಗೆ ಹುಡುಗಿ ಜೊತೆಯಲ್ಲಿ ಬಂದಳು. ಕ್ಷಮೆ ಕೇಳೋಣವೆಂದರೆ ಮಾತು ಸರಿಯಾಗಿ ಕೂಡಲಿಲ್ಲ. ಬಸ್ಸು ತಿರುವಿನಲ್ಲಿ ಕಂಡಾಗ ಅವಳು, "ಫ್ಯಾನ್ ತಿರುಗ್ತಿದ್ದದ್ದ ನಾನೂ ನೋಡಿದ್ದೆ ಸಾ" ಅಂದಳು. ಅಷ್ಟೇ. ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟು ದಡ್ಡ ನಾನಲ್ಲ. ಬೇರೆ ಏನು ಕೇಳಬೇಕಿತ್ತೋ ಅದನ್ನು ಕೇಳುವಷ್ಟು ಚುರುಕೂ ಇರಲಿಲ್ಲ. ಬಸ್ಸು ಹತ್ತಿದೆ.

ಶನಿವಾರ ಕಳೆಯಿತು, ಸೀಟು ಬೇರೆಯವರಿಗೆ ಹೋಯಿತು. ಮುಂದಿನ ವರ್ಷವೂ ಅವಳು ಸೇರಲಿಲ್ಲ. ಯಳಂದೂರಿನಲ್ಲಿ ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಾಳೆ ಎಂದು ಅವಳ ಜೊತೆ ಓದಿದವನೊಬ್ಬ ಹೇಳಿದ. ಯಳಂದೂರಿನ ಮೇಲೆ ಬಸ್ಸಿನಲ್ಲಿ ಹೋಗುವಾಗ ನಾನು ಇಳಿಯುವುದಿಲ್ಲ.

ನಾವು ಗುಡಿಯೊಳಗೆ ಕಾಲಿಟ್ಟಾಗ ಅವಳು ಸ್ವಿಚ್‌ಬೋರ್ಡಿನ ಪಕ್ಕ ಪೊರಕೆ ಹಿಡಿದು ನಿಂತಿದ್ದಂತೆ ನನಗೆ ಈಗ ಕಾಣುತ್ತದೆ. ಬಸ್‌ಸ್ಟಾಪಿನ ಮಾತು ಕೇಳಿದ ಮೇಲೆ ನಾನೇ ಅವಳನ್ನು ಅಲ್ಲಿ ನಿಲ್ಲಿಸಿರಬಹುದು, ಮಳೆ ಬರಿಸಿದ ಹಾಗೆ. ಪೂಜಾರಿ ಸೆಕೆಗೆ ಫ್ಯಾನು ಹಾಕಿದ್ದಿರಬಹುದು. ಬೆಳಗಿನಿಂದ ತಿರುಗುತ್ತಲೇ ಇದ್ದದ್ದೂ ಇರಬಹುದು. ಫ್ಯಾನು ಹಾಕಿದ್ದು ಯಾರು ಎಂದು ನನಗೆ ಗೊತ್ತಿಲ್ಲ.