ಹೊಸ ನೀರಿನ ಹಬ್ಬ

ಹೊನ್ನಪ್ಪನವರು ವಾಯುಪಡೆಯಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿ ನಿವೃತ್ತರಾದವರು. ಯಾರ ಮಾತನ್ನೂ ಸುಮ್ಮನೆ ನಂಬುವ ಪೈಕಿಯವರಲ್ಲ, ತಮ್ಮ ಮಾತೊಂದನ್ನು ಬಿಟ್ಟು! ಹುಟ್ಟಿದ್ದು ಹಾನಗಲ್ಲು, ನೆಲೆ ನಿಂತಿದ್ದು ನಾಗಪುರ. ಅಲ್ಲೇ ಹತ್ತಿರದ ಕಳಮೇಶ್ವರದ ಆಚೆ ಹೊಂಡ ತೋಡಿಸಿ ರೋಹು, ಕಾಟ್ಲಾ ಮೀನು ಬಿಟ್ಟಿದ್ದರು. ಹೆಂಡತಿ ಸಾವಿತ್ರಮ್ಮ ಮೀನು ಬಾಯಿಗಿಡುವವರಲ್ಲ. ಆದರೂ ದಿನಾ ತೌಡು, ಶೇಂಗಾ ಹಿಂಡಿ ಹಾಕುವವರು ಅವರೇ. ಅವರ ಕೈ ನೀರಿಗೆ ತಾಗಿದರೆ ಸಾಕು, ಮೀನೆಲ್ಲ ದಂಡೆಗೆ ಬರುತ್ತಿದ್ದವು.

ಸುತ್ತಲ ಹೊಲಗಳಲ್ಲಿ ಬಿತ್ತನೆ ಮುಗಿದು ಮೊದಲ ದೊಡ್ಡ ಮಳೆ ಸುರಿದಾಗ ಹೊನ್ನಪ್ಪ ತಮ್ಮೂರ ಕೆರೆಯ ಪದ್ಧತಿಯಂತೆ ಕಾಲುವೆಯ ಹಲಗೆ ಎತ್ತಿದರು. "ಹೊಸ ನೀರು ಬಂದ್ರ ಮೀನಿಗೆ ಹಬ್ಬ ನೋಡು" ಎಂದರು. ಮೇಲಿನ ಸೋಯಾಬೀನ್ ಹೊಲದ ನೀರು ಭರಭರ ಹೊಂಡಕ್ಕೆ ಇಳಿಯಿತು.

ಕೆಲವೇ ದಿನಗಳಲ್ಲಿ ಮೀನುಗಳ ಮೈಮೇಲೆ ಕೆಂಪು ಹುಣ್ಣೆದ್ದವು. ಸಾವಿತ್ರಮ್ಮ ಎಷ್ಟು ಕೈಯಾಡಿಸಿದರೂ ಒಂದೂ ಬರಲಿಲ್ಲ.

"ನಾಳೆ ಬಲೆ ಹಾಕೋರು ಬರ್ತಾರ. ಎಲ್ಲಾ ತಗದು ಹುಗಿಯೂದ ಬರೋಬರ್" ಎಂದರು ಹೊನ್ನಪ್ಪ.

"ಜೀವ ಇರೋವನ್ನ ಹುಗೀತೀರೇನ್ರಿ? ಒಮ್ಮೆ ಆ ಹುಡುಗಿಗಿ ತೋರಸ್ರಿ" ಎಂದು ಸಾವಿತ್ರಮ್ಮ ಅತ್ತೇಬಿಟ್ಟರು.

ಹುಡುಗಿಯೆಂದರೆ ಶರ್ವಾಣಿ, ಮೀನಿನ ರೋಗಗಳ ಸಂಶೋಧನೆಗೆಂದು ಬೆಂಗಳೂರಿನಿಂದ ಬಂದವಳು. ಅವಳು ಮೀನು ನೋಡಿದಳು, ಹಲಗೆ ನೋಡಿದಳು, ಮೇಲಿನ ಹೊಲಕ್ಕೂ ಹೋಗಿ ಕೇಳಿ ಬಂದಳು.

"ಅಂಕಲ್, ಮಳೆಗೆ ಸ್ವಲ್ಪ ಮುಂಚೆ ಅಲ್ಲಿ ಕಳೆನಾಶಕ ಹೊಡೆದಿದ್ರಂತೆ. ಅದು ಮೀನನ್ನ ನೇರವಾಗಿ ಕೊಲ್ಲದೇ ಇರಬಹುದು. ಆದ್ರೆ ರೋಗ ತಡೆಯೋ ಶಕ್ತಿ ಕುಗ್ಗಿಸುತ್ತೆ. ಆಮೇಲೆ ನೀರಲ್ಲಿ ಯಾವಾಗ್ಲೂ ಇರೋ ರೋಗಾಣುಗಳೇ ಮೈಗೆ ಹತ್ತುತ್ವೆ. ಪರೀಕ್ಷೆಗೆ ನೀರು ಒಯ್ತೀನಿ. ನೀವು ಹಲಗೆ ಮುಚ್ಚಿ, ಬಾವಿ ನೀರು ಬಿಡಿ. ಹುಗಿಯೋ ಮಾತು ಈಗ್ಲೇ ಬೇಡ."

ಹೊನ್ನಪ್ಪ ಹೋಗಿ ಹಲಗೆ ಮುಚ್ಚಿದರು. ಹಬ್ಬದೂಟವೆಂದು ತಾವೇ ವಿಷ ಬಡಿಸಿದ್ದರು! ಬಲೆಯವರಿಗೆ ಬರಬೇಡಿ ಎಂದು ಫೋನ್ ಮಾಡಿ, ಪಂಪಿನ ಪಕ್ಕದಲ್ಲೇ ಕೂತರು. ಒಂದಷ್ಟು ಮೀನು ಸತ್ತವು. ಪ್ರತಿಯೊಂದನ್ನೂ ತಾವೇ ಎತ್ತಿ ಹೂತರು.

ಶ್ರಾವಣದ ಒಂದು ಬೆಳಿಗ್ಗೆ ಸಾವಿತ್ರಮ್ಮ ನೀರಿಗೆ ಕೈಯಿಟ್ಟರು. ಹೊನ್ನಪ್ಪ ಹಿಂದೆ ನಿಂತರು. ಮೊದಲು ಒಂದು ಕಾಟ್ಲಾ ತಲೆಯೆತ್ತಿತು, ಹುಣ್ಣಿದ್ದ ಕಡೆ ಬಿಳೀ ಕಲೆ. ಅದರ ಹಿಂದೆ ಇಡೀ ಹಿಂಡೇ ಬಂತು.

"ಬಂದ್ವು ರೀ!"

ಹೊನ್ನಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಟವೆಲಿನಿಂದ ಮುಖ ಒರೆಸಿದರು, ಬೆವರಂತೂ ಇರಲಿಲ್ಲ.

ಸಂಜೆ ಮತ್ತೆ ಮಳೆ ಹಿಡಿಯಿತು. ಹೊನ್ನಪ್ಪ ಕೊಡೆ ಹಿಡಿದು ಹೋಗಿ, ಮುಚ್ಚಿದ ಹಲಗೆಯ ಮೇಲೆ ಇನ್ನೊಂದು ಕಲ್ಲು ಹೇರಿ ಬಂದರು.

"ಹೊಸ ನೀರು ಬಂದೈತಿ, ಹಬ್ಬ ಮಾಡಂಗಿಲ್ಲೇನ್ರಿ?" ಸಾವಿತ್ರಮ್ಮ ಕೆಣಕಿದರು.

"ಮುಂಜಾನೆನೇ ಆತಲ್ಲ" ಎಂದರು ಹೊನ್ನಪ್ಪ.