ಎಡಗೈಯ ವೀಳ್ಯ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು. ಚಿಗವ್ವ ಆ ದಿನ ಉಟ್ಟದ್ದು ಹಸಿರು ಇಳಕಲ್ ಸೀರೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ನನ್ನ ತಾಯಿ ಅದು ಕೆಂಪು ಎನ್ನುತ್ತಾಳೆ. ಆದರೆ ಕೈ ಯಾವುದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಯುರೋಪಿನ ಇತಿಹಾಸದಲ್ಲಿ ಎಂ.ಎ. ಮುಗಿಸಿ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಗೆ ಮರಳಿದ್ದೆ. ಜರ್ಮನಿಯ ಅರಸುಮನೆತನಗಳ ಬಗ್ಗೆ ನಾನು ಓದಿದ್ದನ್ನು ಆಸೆಯಿಂದ ಕೇಳುತ್ತಿದ್ದವರು ಒಬ್ಬರೇ, ಕುರುಗೋಡಿನ ದೊಡ್ಡಪ್ಪ. ಗೌಡಿಕೆ ಕಾನೂನಿನಿಂದ ಹೋಗಿತ್ತು; ಅವರು ಬಿಟ್ಟುಕೊಟ್ಟಿರಲಿಲ್ಲ. ಸಣ್ಣ ಸಣ್ಣ ಸಂಸ್ಥಾನಗಳನ್ನು ದೊಡ್ಡ ರಾಜ್ಯಗಳು ನುಂಗಿದ ಮೇಲೂ ಆ ರಾಜಕುಮಾರರು ಆಳುವ ಮನೆತನಗಳಿಗೆ ಸರಿಸಮಾನರಾಗಿಯೇ ಉಳಿದರು ಎಂದಾಗ ಅವರು ತೊಡೆ ತಟ್ಟಿದರು.

“ರಾಜ್ಯ ಹೋತು, ಮನಿತನ ಹೋಗಲಿಲ್ಲ. ಕೇಳಿದ್ಯೇನಲೇ?” ಎಂದು ಪಕ್ಕದಲ್ಲಿದ್ದ ನನ್ನ ಅಪ್ಪನನ್ನು ತಿವಿದರು. “ಮುಂದಕ್ಕ ಹೇಳವ್ವಾ.”

ಹೇಳಿದೆ. ತನಗಿಂತ ಕೆಳಗಿನ ಮನೆತನದ ಹೆಣ್ಣನ್ನು ಮದುವೆಯಾಗುವ ರಾಜಕುಮಾರ ಅವಳಿಗೆ ಬಲಗೈ ಬದಲು ಎಡಗೈ ಕೊಡುತ್ತಿದ್ದ. ಮದುವೆ ಮದುವೆಯೇ. ಆದರೆ ಗಂಡನ ಪದವಿ ಹೆಂಡತಿಗಿಲ್ಲ, ಮಕ್ಕಳಿಗೆ ರಾಜ್ಯವಿಲ್ಲ.

ದೊಡ್ಡಪ್ಪ ತಮ್ಮ ಎಡಗೈಯನ್ನೇ ತಿರುವಿ ನೋಡಿಕೊಂಡರು. “ಬೈಯೋದಿಲ್ಲ, ಬಡಿಯೋದಿಲ್ಲ. ಶ್ಯಾಣ್ಯಾರು.”

ಚಿಗವ್ವ ನಮ್ಮ ತೀರಿಹೋದ ಚಿಕ್ಕಪ್ಪನ ಹೆಂಡತಿ. ಬಾದನಹಟ್ಟಿಯ ಕೂಲಿಯವರ ಮಗಳು, ಬೇರೆ ಜಾತಿ. ದೊಡ್ಡಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವಳ ಒಬ್ಬಳೇ ಮಗಳಿಗೆ ಸಿರುಗುಪ್ಪದಿಂದ ಸಂಬಂಧ ಬಂತು. ತಾಯಿಯ ಜಾತಿ ಅವರಿಗೆ ಗೊತ್ತಿತ್ತು. ಮನೆಯ ಹಿರಿಯರು ಹುಡುಗಿಯನ್ನು ತಮ್ಮವಳೆಂದು ಒಪ್ಪಿದರೆ ಸಾಕು ಎಂದಿದ್ದರು. ನಮ್ಮ ಮನೆಯ ಪದ್ಧತಿಯಲ್ಲಿ ನಿಶ್ಚಯದ ದಿನ ಹಿರಿಯರು ಮೊದಲು ಹುಡುಗಿಯ ತಾಯಿಗೆ ಎಲೆಯಡಿಕೆ ಕೊಡಬೇಕು. ಅದೇ ಒಪ್ಪಿಗೆ. ಬೀಗರ ವೀಳ್ಯ ಆಮೇಲೆ.

ಕುರುಗೋಡಿನ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಒಳಗೆ ಹೋಳಿಗೆ ಬೇಯುತ್ತಿತ್ತು. ಚಿಗವ್ವ ಬಂದು ತಲೆ ಬಗ್ಗಿಸಿ ನಿಂತಳು. ದೊಡ್ಡಪ್ಪ ಬಲಗೈಯನ್ನು ತೊಡೆಯ ಮೇಲೇ ಇಟ್ಟುಕೊಂಡು ಎಡಗೈ ಚಾಚಿದರು.

“ಹಿಡಿ, ಬಾದನಹಟ್ಟೀಕಿ.”

ಹುಡುಗನ ಸೋದರಮಾವ ನಗುತ್ತಲೇ ಅಂದರು: “ಯಜಮಾನ್ರ, ಕೈ ತಪ್ಪಿತಲ್ರಿ.”

“ತಪ್ಪಿಲ್ಲರಿ. ಜರ್ಮನಿ ರಾಜರ ಮನ್ಯಾಗ ಇಂಥಾ ಸೊಸಿಗೆ ಇದ ಕೈ ಕೊಡ್ತಾರಂತ. ಆಕಿ ಮಕ್ಕಳಿಗೆ ಮನಿತನ ಇಲ್ಲಂತ. ನಮ್ಮ ಹುಡುಗಿ ಓದ್ಯಾಳ, ಆಕೀನ್ನ ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏನೆಂದೆ? “ಅದು ಅಲ್ಲೀದು, ಇಲ್ಲಿ ಯಾಕ” ಅಂದಂತೆ ಒಮ್ಮೆ ನೆನಪಾಗುತ್ತದೆ, ಇನ್ನೊಮ್ಮೆ ಹೌದೆಂದು ತಲೆಯಾಡಿಸಿದಂತೆ. ಎರಡನೆಯದನ್ನೇ ನಂಬಬೇಕೇನೋ, ಮೊದಲನೆಯದು ನನಗೆ ತೀರಾ ಅನುಕೂಲವಾಗಿದೆ.

ಚಿಗವ್ವ ಆ ಎಲೆಯಡಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಸಿರುಗುಪ್ಪದವರು “ಬರ್ತೀವ್ರಿ” ಎಂದು ಉಣ್ಣದೇ ಎದ್ದರು. ಅವರಿನ್ನೂ ಚಪ್ಪಲಿ ಮೆಟ್ಟುತ್ತಿರುವಾಗಲೇ ದೊಡ್ಡಪ್ಪ ಒಳಗೆ ಕೂಗಿದರು: “ಹೋಳಿಗಿ ಆರಿ ಹೋಗ್ತಾವ, ನೀಡ್ರವ್ವಾ.” ಎರಡು ಸಲ ಹಾಕಿಸಿಕೊಂಡು ಉಂಡರು. ಅವರು ಉಂಡ ಎಲೆಯನ್ನು ಎತ್ತಿದ್ದು ಚಿಗವ್ವನ ಮಗಳೇ, ಹೊಸ ಸೀರೆಯಲ್ಲಿ. ಆಮೇಲೆ ಎಲ್ಲಿಂದ ಸಂಬಂಧ ಬಂದರೂ ಎಡಗೈಯ ಸುದ್ದಿ ಅವರಿಗೆ ಮುಂಚೆಯೇ ಮುಟ್ಟಿರುತ್ತಿತ್ತು. ಅವಳಿಗೆ ಮದುವೆಯಾಗಲಿಲ್ಲ.

ಅದೇ ಸಂಜೆ ದೊಡ್ಡಪ್ಪ ನನ್ನನ್ನು ಕರೆದರು. “ಬಾರವ್ವಾ, ಆ ರಾಜರದು ಇನ್ನೊಂದು ಹೇಳು.”

ನಾನು ಹೇಳಲಿಲ್ಲ, ಕೇಳಿದೆ. ಅವರು ಅಡಿಕೆ ಕತ್ತರಿಸುತ್ತಲೇ ಇದ್ದರು.

“ದೊಡ್ಡಪ್ಪಾ, ಎಡಗೈ ಮಾತು ನಾನು ಹೇಳದ ಇದ್ದಿದ್ರ, ಇವತ್ತ ಯಾವ ಕೈಲೆ ಕೊಡ್ತಿದ್ರಿ?”