ಹೊಟ್ಟೆಯ ಶಾಖಕ್ಕೆ ಹಾರಿದ ವಿಮಾನ

ಕಳೆದ ಭಾನುವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಜಂಕ್ಷನ್ ದಾಟುತ್ತಿದ್ದ ಆಟೋದಲ್ಲಿ ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಡ್ರೈವರ್ ಕನ್ನಡಿಯಲ್ಲಿ ಎರಡು ಸಲ ನೋಡಿದ. ಆಸ್ಪತ್ರೆಗೆ ಬಿಡಲೇ ಎಂದು ಕೇಳಿಯೂ ಬಿಟ್ಟ.

ನೋವೂ ಇಲ್ಲ, ಗ್ಯಾಸೂ ಅಲ್ಲ. ನನ್ನ ಸ್ವೆಟರಿನೊಳಗೆ, ಕರವಸ್ತ್ರದಲ್ಲಿ ಸುತ್ತಿದ ಎರಡು ಬ್ಯಾಟರಿಗಳಿದ್ದವು. ಆಟದ ವಿಮಾನದ ಬ್ಯಾಟರಿಗಳು. (ಆಟದ ವಿಮಾನ ಅಂದರೆ ಗೆಳೆಯ ಆನಂದನಿಗೆ ಕೋಪ ಬರುತ್ತದೆ. ಮಾಡೆಲ್ ಏರ್‌ಕ್ರಾಫ್ಟ್ ಅನ್ನಬೇಕು.)

ಆನಂದ ಮರ್ಫಿ ಟೌನಿನವನು. ಲೇತ್ ಮೆಷಿನ್ ಮುಂದೆ ನಿಂತೇ ಆಯುಸ್ಸು ಕಳೆದು ಈಗ ರಿಟೈರ್ ಆಗಿದ್ದಾನೆ. ಈ ಬೇಸಿಗೆಯಲ್ಲಿ ಹಗುರ ಮರದ ಪಟ್ಟಿಗಳನ್ನು ತಂದು ವಿಮಾನ ಕಟ್ಟಲು ಕೂತ. ಎಲ್ಲಿ? ಮನೆಯಲ್ಲಿದ್ದ ಒಂದೇ ಒಂದು ಡೈನಿಂಗ್ ಟೇಬಲ್ ಮೇಲೆ. ಆರು ತಿಂಗಳು ಅವನೂ ಅವನ ಹೆಂಡತಿ ಕಮಲಾ ಅವರೂ ನೆಲದ ಮೇಲೆ ಕೂತು ಉಂಡರು. ಟೇಬಲ್ ಖಾಲಿ ಮಾಡಿ ಎಂದು ಆಕೆ ಒಮ್ಮೆಯೂ ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ವಿಮಾನ ಕೆ.ಆರ್. ಪುರದಾಚೆಯ ಖಾಲಿ ಬಯಲಿಗೆ ಹೋಯಿತು. ಮೇಲೆದ್ದ ಅರ್ಧ ನಿಮಿಷಕ್ಕೆ ಮೂತಿ ಅಡಿಯಾಗಿ ಬಿತ್ತು. ಮನೆಗೆ ಬಂದರೆ ಬಾಗಿಲಲ್ಲೇ ಕಮಲಾ ಕೇಳಿದರಂತೆ, ಹಾರಿತಾ ಎಂದು. ಆ ಮುಖದಲ್ಲಿದ್ದ ಆಸೆ ನೋಡಿ ಇವನ ಬಾಯಿಂದ 'ಹಾರ್ತು' ಅಂತ ಬಂದುಬಿಟ್ಟಿತು. ಒಂದು ಸಲ ಹಾರಿದ್ದು ಮುಂದಿನ ವಾರ ಹಾರದೇ ಇರಲು ಸಾಧ್ಯವೇ? ಅವನ ಮಾತಿನಲ್ಲಿ ವಿಮಾನ ಒಂದು ಭಾನುವಾರ ಹುಣಸೆಮರ ದಾಟಿತು, ಇನ್ನೊಂದು ಭಾನುವಾರ ಹದ್ದಿನ ಜೊತೆ ಸುತ್ತು ಹಾಕಿತು. ಬಯಲಿನಲ್ಲಿ ಮಾತ್ರ ಪ್ರತಿ ವಾರ ಬೀಳುತ್ತಲೇ ಇತ್ತು.

ಮೋಟಾರ್ ಬದಲಾಯಿಸಿದ, ಮೂತಿಯ ಫ್ಯಾನ್ ಬದಲಾಯಿಸಿದ. ಕೊನೆಗೆ ಗೊತ್ತಾಯಿತು, ತಪ್ಪು ಚಳಿಯದು. ಬ್ಯಾಟರಿ ಹಳೆಯದು. ಮೀಟರ್ ಹಿಡಿದರೆ ಫುಲ್ ಅನ್ನುತ್ತದೆ. ಬೆಳಗಿನ ಚಳಿಯಲ್ಲಿ ಜೋರು ಕೆಲಸ ಕೊಟ್ಟ ಕೂಡಲೇ ಕೈಚೆಲ್ಲುತ್ತದೆ. (ಡಿಸೆಂಬರಿನಲ್ಲಿ ನಾನೂ ಹಾಗೇ. ನೀವು?)

ಬಿಸಿನೀರಿನ ಚೀಲದ ಮೇಲಿಡೋಣ ಎಂದೆ. ಅಷ್ಟು ಬಿಸಿಗೆ ಉಬ್ಬಿ ಬೆಂಕಿ ಹತ್ತಿಕೊಂಡರೆ ಕಷ್ಟ, ಮೈಶಾಖವೇ ಸಾಕು ಎಂದ. ಅವನದೋ ಕಡ್ಡಿ ಮೈ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಈ ಭಾನುವಾರ ಕಮಲಾ ನೋಡೋಕೆ ಬರ್ತಾಳಂತೆ. ನಿನ್ ಹೊಟ್ಟೆ ಒಂದಿನ ಕೊಡು ಗುರು."

ಡಾಕ್ಟರು, ಟೈಲರು, ಹೆಂಡತಿ ಎಲ್ಲರೂ ಬೈದ ಹೊಟ್ಟೆ ಇದು. ಮೊದಲ ಸಲ ಅದಕ್ಕೊಂದು ಕೆಲಸ ಸಿಕ್ಕಿತು. ನನಗಂತೂ ಹೆಮ್ಮೆಯೇ ಆಯಿತು.

ಬಯಲಿನ ತುಂಬ ಮಂಜು. ಹುಲ್ಲಿನ ಮೇಲೆ ಕೂತವನಿಗೆ ಅರ್ಧ ನಿದ್ದೆ. ಬ್ಯಾಟರಿಗಳು ಹೊಟ್ಟೆಗೆ ಅಂಟಿಕೊಂಡು ಮಲಗಿದ ಬೆಕ್ಕಿನ ಮರಿಗಳಷ್ಟು ಬೆಚ್ಚಗಿದ್ದವು. ಮಂಜಿನೊಳಗಿಂದ ಆನಂದ ವಿಮಾನ ಹಿಡಿದು ಬಂದ, ಹಿಂದೆ ಶಾಲು ಹೊದ್ದ ಕಮಲಾ. ಅವನು ಹೆಂಡತಿಯ ಮುಖ ನೋಡುತ್ತಿರಲಿಲ್ಲ. ನಾನು ಕೊಟ್ಟ ಒಂದು ಬ್ಯಾಟರಿಯನ್ನು ಸಿಕ್ಕಿಸಿದ. ರಿಮೋಟ್ ಹಿಡಿದು ತಲೆಯಾಡಿಸಿದ. ನಾನು ಎರಡು ಹೆಜ್ಜೆ ಓಡಿ ವಿಮಾನವನ್ನು ಬಿಟ್ಟೆ.

ಮಂಜಿನೊಳಗೆ ಹೋಗಿದ್ದು ಕಾಣದಾಯಿತು. ಬಿದ್ದ ಸದ್ದಿಗಾಗಿ ಕಾದೆ. ಸದ್ದು ಬರಲಿಲ್ಲ.

ಆಮೇಲೆ ಮಂಜಿನ ಮೇಲ್ಗಡೆ, ಬಿಸಿಲಿದ್ದ ಜಾಗದಲ್ಲಿ ರೆಕ್ಕೆ ಕಂಡಿತು. ಆನಂದ ಮೋಟಾರ್ ನಿಲ್ಲಿಸಿ ಸುಮ್ಮನೆ ತೇಲಲು ಬಿಟ್ಟ. ಬಿಳಿ ರೆಕ್ಕೆ ಒಂದು ಕಡೆ ವಾಲಿ ಕಿತ್ತಳೆ ಬಣ್ಣವಾಯಿತು, ಮತ್ತೆ ಬಿಳಿಯಾಯಿತು. ನಾವು ಮೂವರೂ ಕತ್ತು ನೋಯುವ ತನಕ ನೋಡಿದೆವು. ಅತ್ತ ಮಾರತ್ತಹಳ್ಳಿ ಕಡೆಗೆ ಸಾಲುಗಟ್ಟಿದ ಗಾಡಿಗಳು, ಫ್ಲೈಓವರು, ಯಾವುದೂ ಇದ್ದ ಹಾಗೇ ಅನ್ನಿಸಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ನನಗೆ ತಿಳಿಯದು. ಇಷ್ಟು ಸುಖವಾಗಿ ಆಕಾಶ ನೋಡಿ ಎಷ್ಟು ವರ್ಷವಾಗಿತ್ತೋ.

ಮೆಲ್ಲಗೆ ಹುಲ್ಲಿನ ಮೇಲೆ ಇಳಿಸಿದ. ಏನೂ ಮುರಿಯಲಿಲ್ಲ. ಕಮಲಾ ಕಣ್ಣು ಒರೆಸಿಕೊಂಡರು.

"ಅಂತೂ ಹಾರ್ತು."

ಪ್ರತಿ ವಾರ ಹಾರುತ್ತಿತ್ತಲ್ಲ ಎಂದು ಆನಂದ ಶುರು ಮಾಡಿದ.

"ಹಾರಿದ್ ವಿಮಾನಕ್ಕೆ ಪ್ರತಿ ಸೋಮವಾರ ಯಾಕ್ರೀ ಗಮ್ ಹಾಕ್ತಿದ್ರಿ?"

ಅವನು ನೆಲ ನೋಡಿದ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದ, ಚಿಕ್ಕ ದನಿಯಲ್ಲಿ.

"ಹೇಳಿದ್ರೆ ಅವತ್ತೇ ಅಟ್ಟಕ್ಕೆ ಹಾಕ್ಬಿಡ್ತಿದ್ರಿ," ಎಂದರು ಕಮಲಾ. ಆಮೇಲೆ ನನ್ನ ಕಡೆ ಕೈಚಾಚಿ ಇನ್ನೊಂದು ಬ್ಯಾಟರಿ ಕೇಳಿ ತೆಗೆದುಕೊಂಡರು.

ವಾಪಸ್ ಬರುವಾಗ ಆಟೋದಲ್ಲಿ ನನಗೆ ಒಂದೇ ಯೋಚನೆ. ಪ್ರತಿ ವಾರ ಈ ಅಂಕಣ ಓದಿ ನನ್ನ ಹೆಂಡತಿ 'ಚೆನ್ನಾಗಿದೆ' ಅನ್ನುತ್ತಾಳಲ್ಲ, ಅದು ಯಾಕಿರಬಹುದು?